ದೊಡ್ಡ ಬೆಕ್ಕಿನ ಗೋತ್ರ

ಮನೆಯ ಬೆಕ್ಕು ಸಾಧಾರಣ ಗಾತ್ರದ್ದಾಗಿದ್ದರೆ ಅದರ ತಂದೆ ಯಾರು, ತಾಯಿ ಯಾರು ಎಂದು ಯಾರೂ ವಿಚಾರಿಸುವುದಿಲ್ಲ. ಅದೇ ಬೆಕ್ಕು ಆರೇಳು ಕಿಲೊ ತೂಗುವಷ್ಟು ಬೆಳೆದು, ಹೊಸ್ತಿಲಿಗೆ ಅಡ್ಡವಾಗಿ ಮಲಗಿದಾಗ ದಾಟಿ ಹೋಗಬೇಕಾದ ಸ್ಥಿತಿ ಬಂದರೆ, ಮನೆಗೆ ಬಂದವರೆಲ್ಲ ಅದರ ಗೋತ್ರಪ್ರವರಗಳ ವಿಚಾರಕ್ಕೆ ತೊಡಗುತ್ತಾರೆ. ಇದು ವಿದೇಶದ ತಳಿಯೇ ಸರಿ ಎಂದು ಒಬ್ಬರು. ಇದರ ಅಪ್ಪ ಕಾಡಿನವನು ಎಂದು ಇನ್ನೊಬ್ಬರು. ಮೈಮೇಲೆ ನಾಲ್ಕು ಚುಕ್ಕೆ ಕಂಡರೆ ಚಿರತೆಯ ಸಂಬಂಧವನ್ನೇ ಕಲ್ಪಿಸುವವರೂ ಉಂಟು. ಚಿರತೆಯ ಮಾತನ್ನು ಇಲ್ಲಿಯೇ ಕೈಬಿಡಬಹುದು. ಆ ಎರಡು ಪ್ರಾಣಿಗಳ ನಡುವೆ ಸಂತಾನವಾಗುವಂತಿಲ್ಲ. ಉಳಿದೆರಡು ಊಹೆಗಳು ಮಾತ್ರ ಪರಿಶೀಲನೆಗೆ ತಕ್ಕವು.

ತಳಿ ಎಂಬ ಮಾತು ನಮಗೆ ಪರಿಚಿತವಾದದ್ದು ದನಗಳಿಂದ ಮತ್ತು ನಾಯಿಗಳಿಂದ. ಹಳ್ಳಿಕಾರ್, ಅಮೃತಮಹಲ್ ಎಂದೊಡನೆ ಕೊಂಬಿನ ಬಾಗು, ಮೈಕಟ್ಟು ಕಣ್ಣಿಗೆ ಕಟ್ಟುತ್ತವೆ. ಮುಧೋಳದ ನಾಯಿಯನ್ನು ದೂರದಿಂದಲೇ ಗುರುತಿಸಬಹುದು. ಎತ್ತು ಎಳೆಯಬೇಕಾಗಿತ್ತು, ನಾಯಿ ಬೇಟೆಯಾಡಬೇಕಾಗಿತ್ತು. ಆದ್ದರಿಂದ ಮನುಷ್ಯ ಇಂಥದಕ್ಕೆ ಇಂಥದನ್ನೇ ಕೂಡಿಸಿ ತಲೆಮಾರುಗಟ್ಟಲೆ ಬೆಳೆಸಿದ. ಬೆಕ್ಕಿನ ಮದುವೆಗೆ ಅವನು ಕೈಹಾಕಲಿಲ್ಲ. ಇಲಿ ಹಿಡಿಯುವ ವಿದ್ಯೆಯನ್ನು ಅದು ಕಾಡಿನಿಂದಲೇ ಕಲಿತು ಬಂದಿತ್ತು. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳಲ್ಲಿ ಇಂದಿಗೂ ಇರುವ ಲಿಬಿಕಾ ಎಂಬ ಕಾಡುಬೆಕ್ಕೇ ಲೋಕದ ಮನೆಬೆಕ್ಕುಗಳೆಲ್ಲದರ ಮೂಲ ಎಂಬುದು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ಸ್ಪಷ್ಟವಾಯಿತು. ಸೈಪ್ರಸ್ ದ್ವೀಪದ ಸುಮಾರು 9500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಯ ಸಮೀಪದಲ್ಲೇ ಬೆಕ್ಕಿನ ಅಸ್ಥಿಯೂ ದೊರೆತಿದೆ. ಇಷ್ಟು ಹಳೆಯ ನಂಟು. ಆದರೂ ಬೆಕ್ಕುಗಳಲ್ಲಿ ಹೇಳಿಕೊಳ್ಳುವಂಥ ತಳಿಭೇದಗಳೇಕೆ ಕಡಿಮೆ? ಡಾರ್ವಿನ್ ತನ್ನ 1868ರ ಗ್ರಂಥದಲ್ಲಿ ಇದಕ್ಕೆ ಕಾರಣ ಹೇಳಿದ್ದಾನೆ: ರಾತ್ರಿ ಅಲೆಯುವ ಪ್ರಾಣಿಗೆ ಜೋಡಿ ಗೊತ್ತುಮಾಡುವುದು ಯಾರಿಂದಲೂ ಆಗದು.

ಆ ಪುಸ್ತಕ ಬಂದ ಮೂರು ವರ್ಷಕ್ಕೆ, 1871ರ ಜುಲೈ 13ರಂದು, ಹ್ಯಾರಿಸನ್ ವೀರ್ ಎಂಬ ಚಿತ್ರಕಾರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕುಗಳ ಪ್ರದರ್ಶನವೊಂದನ್ನು ಏರ್ಪಡಿಸಿದ. ಬಹುಮಾನ ಕೊಡಬೇಕಾದರೆ ವರ್ಗಗಳು ಬೇಕು; ವರ್ಗ ಉಳಿಯಬೇಕಾದರೆ ವಂಶಾವಳಿಯ ದಾಖಲೆ ಬೇಕು. ಇಂದು ನಾವು ಕೇಳುವ ತಳಿಗಳ ಹೆಸರುಗಳಲ್ಲಿ ಹೆಚ್ಚಿನವು ಅಲ್ಲಿಂದೀಚೆಗೆ ರೂಪುಗೊಂಡವು. ಎಂದಮೇಲೆ ಬೆಕ್ಕಿನ ವಿಷಯದಲ್ಲಿ ತಳಿಯೆಂಬುದು ಮುಖಲಕ್ಷಣಕ್ಕಿಂತ ಹೆಚ್ಚಾಗಿ ದಾಖಲೆಯ ಸಂಗತಿ. ದಾಖಲೆಯಿಲ್ಲದ ಬೆಕ್ಕು ಬರಿಯ ಬೆಕ್ಕು. ಅದರಲ್ಲಿ ಕೀಳೇನೂ ಇಲ್ಲ.

ದೊಡ್ಡ ಬೆಕ್ಕನ್ನು ಕಂಡವರು ಮೊದಲು ನೆನೆಯುವ ಹೆಸರು ಮೇನ್ ಕೂನ್. ಅಮೆರಿಕದ ಈಶಾನ್ಯ ಮೂಲೆಯ ಮೇನ್ ಸಂಸ್ಥಾನದ, ಹಿಮಕ್ಕೆ ಹೊಂದಿಕೊಂಡ ನೀಳಗೂದಲಿನ ಬೆಕ್ಕು ಇದು. ಗಂಡು ಸಾಮಾನ್ಯವಾಗಿ 6ರಿಂದ 8 ಕಿಲೊ ತೂಗುತ್ತದೆ. ನಮ್ಮ ಬೆಕ್ಕು ಒಂದು ವರ್ಷಕ್ಕೆ ಬೆಳವಣಿಗೆ ಮುಗಿಸಿದರೆ ಇದು ಮೂರು ನಾಲ್ಕು ವರ್ಷ ಬೆಳೆಯುತ್ತಲೇ ಇರುತ್ತದೆ. 2010ರಲ್ಲಿ ಅಳೆದ ಇಂಥದೊಂದು ಬೆಕ್ಕು ಮೂಗಿನಿಂದ ಬಾಲದ ತುದಿಯವರೆಗೆ 123 ಸೆಂಟಿಮೀಟರು ಉದ್ದವಿತ್ತು. ಇದರ ಹುಟ್ಟಿನ ಬಗೆಗೆ ಕಥೆಗಳಿಗೆ ಬರವಿಲ್ಲ. ರಕೂನ್ ಎಂಬ ಪ್ರಾಣಿಗೂ ಬೆಕ್ಕಿಗೂ ಹುಟ್ಟಿದ್ದೆಂದು ಒಂದು ಕಥೆ; ಹೆಸರು ಬಂದದ್ದೂ ಹಾಗೆಯೇ ಎನ್ನುತ್ತಾರೆ. ಇದು ಆಗದ ಮಾತು. ಎರಡರ ಕುಟುಂಬಗಳೇ ಬೇರೆ. ಫ್ರಾನ್ಸಿನ ರಾಣಿ ಮಾರೀ ಆಂತ್ವನೆತ್ ಪಲಾಯನಕ್ಕೆ ಸಿದ್ಧಳಾಗಿ ಮುಂದಾಗಿ ಕಳುಹಿಸಿದ ಬೆಕ್ಕುಗಳ ಸಂತಾನವೆಂದು ಇನ್ನೊಂದು ಕಥೆ. ರಾಜವಂಶದ ಸಂಬಂಧ ಹೇಳಿಕೊಳ್ಳುವ ಆಸೆ ಬೆಕ್ಕಿನದಲ್ಲ, ಸಾಕಿದವರದು.

ಪರ್ಷಿಯನ್ ಬೆಕ್ಕಿನ ಸಂಗತಿ ಇನ್ನೂ ಸ್ವಾರಸ್ಯದ್ದು. ನಮ್ಮ ನಗರಗಳಲ್ಲಿ ಹಣ ಕೊಟ್ಟು ತರುವ ಬೆಕ್ಕುಗಳಲ್ಲಿ ಇದೇ ಮುಖ್ಯ. ಬೀದಿಯ ಬೆಕ್ಕಿಗೆ ಸ್ವಲ್ಪ ಉದ್ದ ಕೂದಲಿದ್ದರೂ ಪರ್ಷಿಯನ್ ರಕ್ತವೆನ್ನುತ್ತೇವೆ. ಅದು ದೊಡ್ಡ ಬೆಕ್ಕೂ ಅಲ್ಲ. ಮೈ ತೋಯಿಸಿದರೆ ಅರ್ಧ ಗಾತ್ರ ನೀರಿನೊಡನೆ ಹೋಗಿಬಿಡುತ್ತದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂದಿನ ಪರ್ಷಿಯನ್ ತಳಿಯ ಡಿಎನ್‌ಎ ಪಶ್ಚಿಮ ಯೂರೋಪಿನ ಬೀದಿಬೆಕ್ಕುಗಳಿಗೆ ಹತ್ತಿರವಾಗಿ ಕಂಡಿತೇ ಹೊರತು ಪಶ್ಚಿಮ ಏಷ್ಯದವಕ್ಕಲ್ಲ. ದಾಖಲೆಯುಳ್ಳ ತಳಿಯ ಹೆಸರೇ ಇಷ್ಟು ದಾರಿ ತಪ್ಪಿಸುವುದಾದರೆ, ಕೂದಲನ್ನು ನೋಡಿ ಮಾಡುವ ಊಹೆಗೆ ಏನು ಬೆಲೆ?

ಹಾಗಾದರೆ ಆರೇಳು ಕಿಲೊ ತೂಕ ಬಂದದ್ದೆಲ್ಲಿಂದ? ಮೊದಲು ಕೇಳಬೇಕಾದದ್ದು ಅದು ಗಂಡೇ ಎಂದು. ಗಂಡು ಬೆಕ್ಕು ಹೆಣ್ಣಿಗಿಂತ ದೊಡ್ಡದು; ವಯಸ್ಸಿಗೆ ಬಂದ ಮೇಲೆ ಅದರ ಕೆನ್ನೆಗಳು ಊದಿಕೊಂಡು, ಕುತ್ತಿಗೆ ದಪ್ಪವಾಗಿ, ಮುಖಕ್ಕೆ ಒಂದು ಕಾಡುಕಳೆ ಬರುತ್ತದೆ. ಕಾಡಿನ ಅಪ್ಪನ ಕಥೆ ಹುಟ್ಟುವುದು ಹೆಚ್ಚಾಗಿ ಈ ಕೆನ್ನೆಗಳಿಂದ. ಎಳವೆಯಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದರೆ ಕಾಲಿನ ಎಲುಬುಗಳ ಬೆಳವಣಿಗೆ ತಡವಾಗಿ ನಿಲ್ಲುವುದರಿಂದ ಅವು ತುಸು ಉದ್ದವಾಗುತ್ತವೆ. ಚಿಕಿತ್ಸೆಯ ಬಳಿಕ ಹಸಿವು ಹೆಚ್ಚಿ, ದೇಹಕ್ಕೆ ಬೇಕಾದ ಆಹಾರ ಮಾತ್ರ ಕಡಿಮೆಯಾಗುತ್ತದೆ. ಅಂಥ ಬೆಕ್ಕಿಗೆ ಮೂರು ಹೊತ್ತೂ ತಟ್ಟೆ ತುಂಬಿಟ್ಟರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ರಾಯನ ಮುಂದೆ ಬಂದ ಬೆಕ್ಕುಗಳು ಕೊಬ್ಬಿದ್ದದ್ದು ಹಾಲಿನಿಂದ, ಅವನದು ಬಡಕಲಾಗಿದ್ದದ್ದು ಹಾಲಿಗೆ ಹೆದರಿದ್ದರಿಂದ. ತಳಿಯ ಪ್ರಶ್ನೆಯನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ.

ಇದು ನಗೆಯ ಮಾತಷ್ಟೇ ಅಲ್ಲ. ಆಸ್ಟ್ರೇಲಿಯದ ಹಿಮ್ಮಿ ಎಂಬ ಬೆಕ್ಕು 21.3 ಕಿಲೊ ತೂಗಿ ದಾಖಲೆ ಸ್ಥಾಪಿಸಿತು. ಹತ್ತನೆಯ ವಯಸ್ಸಿಗೆ, 1986ರಲ್ಲಿ, ಉಸಿರಾಟ ಸೋತು ಸತ್ತಿತು. ಮುಂದೆ ಗಿನ್ನೆಸ್ ಪುಸ್ತಕದವರು ಅತಿ ತೂಕದ ಬೆಕ್ಕುಗಳ ಸ್ಪರ್ಧೆಯನ್ನೇ ಕೈಬಿಟ್ಟರು. ದೊಡ್ಡ ತಳಿಯೆಂಬ ಹೆಮ್ಮೆ ಬೊಜ್ಜನ್ನು ಮುಚ್ಚಿಬಿಡುತ್ತದೆ; ಸಕ್ಕರೆ ಕಾಯಿಲೆ, ಕೀಲುನೋವು ಕಾಣಿಸಿಕೊಳ್ಳುವವರೆಗೆ ಯಾರಿಗೂ ತಿಳಿಯುವುದಿಲ್ಲ. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಎಲುಬುಗಳು ಕೈಗೆ ಸಿಕ್ಕರೆ ಅದು ಮೈಕಟ್ಟು. ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು. ಆಗಲೂ ಒಮ್ಮೆಲೇ ಉಪವಾಸ ಕೆಡವಬಾರದು. ಕೊಬ್ಬಿದ ಬೆಕ್ಕು ಕೆಲವು ದಿನ ಅನ್ನ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಸೇರಿ ಪ್ರಾಣಕ್ಕೇ ಅಪಾಯ ತರುತ್ತದೆ.

ಇನ್ನು ಕಾಡಿನ ಅಪ್ಪನ ವಿಚಾರ. ಇದಕ್ಕೆ ಸ್ವಲ್ಪ ಆಧಾರವುಂಟು. ಅದನ್ನು ಒದಗಿಸಿದವನು ಕನ್ನಡಿಗರಿಗೆ ಅಪರಿಚಿತನಲ್ಲ. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲೊಬ್ಬನಾದ ವಾಲ್ಟರ್ ಎಲಿಯಟ್ ಮುಂದೆ ಧಾರವಾಡದ ಸೀಮೆಯಲ್ಲಿ ಶಾಸನಗಳನ್ನು ಸಂಗ್ರಹಿಸಿ ನಮ್ಮ ಇತಿಹಾಸಕ್ಕೆ ಉಪಕಾರ ಮಾಡಿದವನು. ಅದೇ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನೂ 1839ರಲ್ಲಿ ಪ್ರಕಟಿಸಿದ. ಡಾರ್ವಿನ್ನನಿಗೆ ಅವನು ತಿಳಿಸಿದ ಸಂಗತಿ 1868ರ ಗ್ರಂಥದಲ್ಲಿ ಸೇರಿದೆ: ಮದರಾಸಿನ ಬಳಿ ಅವನು ಕೊಂದ ಕಾಡುಮರಿಗಳು ನಮ್ಮ ಕಾಡುಬೆಕ್ಕಿಗೂ ಮನೆಬೆಕ್ಕಿಗೂ ಹುಟ್ಟಿದವೆಂಬುದು ಸ್ಪಷ್ಟವಾಗಿತ್ತಂತೆ, ಬಾಲ ದಪ್ಪವಾಗಿ, ಮುಂಗಾಲಿನ ಒಳಮಗ್ಗುಲಲ್ಲಿ ಅಗಲವಾದ ಕಂದುಪಟ್ಟೆಯಿತ್ತು. ಈ ಪಟ್ಟೆಯನ್ನು ಭಾರತದ ಮನೆಬೆಕ್ಕುಗಳಲ್ಲೂ ಎಷ್ಟೋ ಸಲ ಕಂಡಿರುವುದಾಗಿ ಎಲಿಯಟ್ ಹೇಳಿದ್ದಾನೆ. ಮರಿಗಳ ಮಾತನ್ನು ಒಪ್ಪಬಹುದು. ಅಂಥ ಮಿಶ್ರಸಂತಾನ ಆಗುವುದುಂಟು. ಪಟ್ಟೆಯ ಮಾತನ್ನು ಒಪ್ಪುವುದು ಕಷ್ಟ. ಮೂಲಪುರುಷನಾದ ಲಿಬಿಕಾದ ಮುಂಗಾಲಲ್ಲೂ ಅಂಥ ಕರಿಪಟ್ಟೆಗಳುಂಟು. ಎರಡು ಮನೆತನಗಳಿಗೂ ಸೇರಿದ ಗುರುತನ್ನು ಹಿಡಿದು ಒಂದರ ಹೆಸರು ಹೇಳಲಾಗದು.

ನಮ್ಮ ಕಾಡುಬೆಕ್ಕನ್ನು ಒಮ್ಮೆ ಸರಿಯಾಗಿ ನೋಡಿದವರಿಗೆ ಸಂಶಯ ಉಳಿಯದು. ಕಾಲು ಉದ್ದ, ಕಿವಿಗಳು ದೊಡ್ಡವು, ತುದಿಯಲ್ಲಿ ಚಿಕ್ಕ ಕರಿಗುಚ್ಛ, ಮೈ ಮರಳಿನ ಬಣ್ಣದ್ದು, ಪಟ್ಟೆಯಿಲ್ಲದ್ದು, ಬಾಲ ಮಾತ್ರ ಮೈಯಳತೆಗೆ ಸಾಲದಷ್ಟು ಗಿಡ್ಡ, ಕೊನೆಯಲ್ಲಿ ಕರಿಯುಂಗುರಗಳು. ಉದ್ದಬಾಲದ, ಪಟ್ಟೆಯ, ಬಿಳಿ ಎದೆಯ ಬೆಕ್ಕು ಎಷ್ಟು ದೊಡ್ಡದಾದರೂ ಊರಿನದೇ ಎಂದು ತಿಳಿಯಬಹುದು. ತೀರ ಕುತೂಹಲವಿದ್ದವರಿಗೆ ಈಗ ಕೆನ್ನೆಯ ಒಳಗಿನ ಎಂಜಲಿನಿಂದಲೇ ಡಿಎನ್‌ಎ ಪರೀಕ್ಷೆ ಮಾಡುವ ಸಂಸ್ಥೆಗಳಿವೆ. ಅವು ಹೇಳುವುದು ತಮ್ಮಲ್ಲಿರುವ ಮಾದರಿಗಳ ಪೈಕಿ ಯಾವುದಕ್ಕೆ ಈ ಬೆಕ್ಕು ಹತ್ತಿರ ಎಂಬುದನ್ನು, ಅಜ್ಜನ ಹೆಸರನ್ನಲ್ಲ.

ಊಹೆ ತಪ್ಪಿದರೆ ನಿಜವಾಗಿ ತೊಂದರೆಯಾಗುವುದು ಕಬ್ಬಿನ ಗದ್ದೆಗಳ ಕಡೆ. ಕಾಡುಬೆಕ್ಕು ದಟ್ಟ ಕಾಡಿಗಿಂತ ಜೊಂಡು, ಕುರುಚಲು, ಕಬ್ಬುಗಳ ನಡುವೆ ಮರಿಹಾಕುವ ಪ್ರಾಣಿ. ಇಲಿಗಳೇ ಅದರ ಮುಖ್ಯ ಆಹಾರ. ಮರಿಗಳ ಮೈಮೇಲೆ ಬೆಳೆದವಕ್ಕಿಲ್ಲದ ಪಟ್ಟೆಗಳಿರುತ್ತವೆ. ನೋಡಿದರೆ ಊರಬೆಕ್ಕಿನ ಮರಿಗಳೇ ಅನ್ನಬೇಕು. ಕಟಾವಿನ ದಿನ ಅವು ಸಿಕ್ಕರೆ, ತಾಯಿ ಬಿಟ್ಟುಹೋಗಿದೆಯೆಂದು ಮನೆಗೊಯ್ದು ಹಾಲಿಡುತ್ತಾರೆ. ಆಮೇಲೆ ಇದೇನು ದೊಡ್ಡ ತಳಿಯೆಂದು ಆಶ್ಚರ್ಯಪಡುತ್ತಾರೆ. 1972ರ ವನ್ಯಜೀವಿ ಕಾಯಿದೆಯಂತೆ ಅದನ್ನು ಸಾಕುವುದು ಅಪರಾಧ. ಬೆಳೆದ ಮೇಲೆ ಅದು ಮನೆಗೂ ಒಗ್ಗದು, ಕಾಡಿನಲ್ಲಿ ಬದುಕುವುದನ್ನೂ ಕಲಿತಿರುವುದಿಲ್ಲ. ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಎಲ್ಲೋ ಜನ ಚದುರುವುದನ್ನು ಕಾಯುತ್ತಿರುತ್ತದೆ. ಆ ಒಂದು ಸಾಲನ್ನು ಕಡಿಯದೆ ರಾತ್ರಿಯವರೆಗೆ ಬಿಟ್ಟರೆ, ಕತ್ತಲಲ್ಲಿ ಬಂದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಗದ್ದೆಗೆ ಸಾಗಿಸುತ್ತದೆ. ಬೆಳಗಾದರೂ ಮರಿಗಳು ಅಲ್ಲೇ ಇದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿಕಳುಹಿಸಬೇಕು.