ಬೀಜಾಣುಗಳ ಸಂಖ್ಯೆ ಏಕೆ ಮುಖ್ಯ?

(ರೋಗಿಗಳು ಹಾಗೂ ಅವರ ಜೊತೆಗಿರುವವರ ತಿಳಿವಳಿಕೆಗಾಗಿ)

ಹೆರಿಗೆ, ಆಪರೇಷನ್ ಅಥವಾ ಗಾಯದ ಡ್ರೆಸಿಂಗ್‌ಗೆ ಬಂದವರ ಮನೆಯವರು ಅನೇಕ ಸಲ ಒಂದು ಪ್ರಶ್ನೆ ಕೇಳುತ್ತಾರೆ: "ಸಿಸ್ಟರ್, ಕತ್ತರಿ, ಚಿಮಟಗಳನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದರೆ ಸಾಲದೇ? ಮೊದಲು ಉಜ್ಜಿ ತೊಳೆದು, ಆಮೇಲೆ ಯಂತ್ರದಲ್ಲಿಟ್ಟು ಇಷ್ಟು ಹೊತ್ತು ಕಾಯುವುದು ಏಕೆ?" ಪ್ರಶ್ನೆ ಸರಿಯಾದದ್ದೇ. ಇದಕ್ಕೆ ಉತ್ತರ ಬೀಜಾಣುಗಳ ಸಂಖ್ಯೆಯಲ್ಲಿದೆ.

ಬೀಜಾಣು ಎಂದರೇನು?

ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಆಹಾರ ಸಿಗದಿದ್ದಾಗ ತಮ್ಮೊಳಗೆ ಗಟ್ಟಿ ಕವಚವುಳ್ಳ ಒಂದು ಕಣವನ್ನು ಕಟ್ಟಿಕೊಳ್ಳುತ್ತವೆ. ಇದೇ ಬೀಜಾಣು ಅಥವಾ ಸ್ಪೋರ್. ಕಣಜದಲ್ಲಿಟ್ಟ ಜೋಳದ ಕಾಳಿನಂತೆ ಇದು ವರ್ಷಗಟ್ಟಲೆ ನಿದ್ರಿಸಬಲ್ಲದು. ತೇವ, ಆಹಾರ, ಬೆಚ್ಚನೆಯ ಜಾಗ ಸಿಕ್ಕೊಡನೆ ಮೊಳೆತು ಮತ್ತೆ ಬ್ಯಾಕ್ಟೀರಿಯಾ ಆಗುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಈ ಗುಂಪಿನದು. ಅದರ ಬೀಜಾಣುಗಳು ಹೊಲದ ಮಣ್ಣಿನಲ್ಲೂ ದನದ ಸಗಣಿಯಲ್ಲೂ ಇರುತ್ತವೆ.

ಸಾಧಾರಣ ಬ್ಯಾಕ್ಟೀರಿಯಾ ಕುದಿಯುವ ನೀರಿನಲ್ಲಿ ಬೇಗ ಸಾಯುತ್ತದೆ, ಬೀಜಾಣು ಹಾಗಲ್ಲ. 1876ರಲ್ಲಿ ಜರ್ಮನಿಯ ವಿಜ್ಞಾನಿ ಫರ್ಡಿನಾಂಡ್ ಕಾನ್ ಹುಲ್ಲಿನ ಕಷಾಯವನ್ನು ಕುದಿಸಿದರೂ ಅದರಲ್ಲಿನ ಬೀಜಾಣುಗಳು ಉಳಿಯುತ್ತವೆ ಎಂದು ತೋರಿಸಿದರು. ಮೂರು ವರ್ಷಗಳ ನಂತರ, 1879ರಲ್ಲಿ, ಫ್ರಾನ್ಸಿನ ಚಾರ್ಲ್ಸ್ ಶಾಂಬರ್ಲಾಂಡ್ ಒತ್ತಡದ ಹಬೆಯ ಯಂತ್ರವನ್ನು ರೂಪಿಸಿದರು. ಅದೇ ಆಟೋಕ್ಲೇವ್. ಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇದರದ್ದೂ. ಒತ್ತಡ ಹೆಚ್ಚಿದಾಗ ಹಬೆಯ ಉಷ್ಣತೆ 100 ಡಿಗ್ರಿ ದಾಟಿ 121 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ.

ಸಾಯುವುದಕ್ಕೂ ಒಂದು ಲೆಕ್ಕವಿದೆ

ಬೀಜಾಣುಗಳೆಲ್ಲ ಒಂದೇ ಕ್ಷಣದಲ್ಲಿ ಸಾಯುವುದಿಲ್ಲ. ನಿಗದಿತ ಶಾಖದಲ್ಲಿ ಪ್ರತಿ ಕೆಲವು ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಸತ್ತು ಒಂದು ಪಾಲು ಉಳಿಯುತ್ತದೆ. ಬಹಳ ಗಟ್ಟಿಯಾದ ಬೀಜಾಣುಗಳಿಗೆ 121 ಡಿಗ್ರಿಯಲ್ಲಿ ಈ ಅವಧಿ 2 ನಿಮಿಷ ಎಂದು ಇಟ್ಟುಕೊಳ್ಳೋಣ. ಸಾಮಾನಿನ ಮೇಲೆ 100 ಬೀಜಾಣುಗಳಿದ್ದರೆ 4 ನಿಮಿಷದಲ್ಲಿ ಒಂದಕ್ಕೆ ಇಳಿಯುತ್ತವೆ. 10 ಲಕ್ಷ ಇದ್ದರೆ ಒಂದಕ್ಕೆ ಇಳಿಯಲು 12 ನಿಮಿಷ ಬೇಕು. ಶಾಖವೂ ಅದೇ, ಯಂತ್ರವೂ ಅದೇ. ಮೊದಲಿದ್ದ ಸಂಖ್ಯೆ ಮಾತ್ರ ಬೇರೆ.

ಒಂದು ಉಳಿದರೂ ಅಪಾಯವೇ. ಆದ್ದರಿಂದ ಹತ್ತು ಲಕ್ಷ ಸಾಮಾನುಗಳಲ್ಲಿ ಒಂದರಲ್ಲೂ ಬೀಜಾಣು ಉಳಿಯುವ ಸಂಭವ ಕಷ್ಟವೆನ್ನುವಷ್ಟು ಕಾಲ ಶಾಖ ಕೊಡಬೇಕಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಸಾಮಾನಿಗೆ 121 ಡಿಗ್ರಿಯಲ್ಲಿ ಸಾಮಾನ್ಯವಾಗಿ 30 ನಿಮಿಷ ಇಡುವುದು ಇದೇ ಕಾರಣಕ್ಕೆ.

ತೊಳೆಯುವುದು ಮೊದಲ ಹೆಜ್ಜೆ ಏಕೆಂದೂ ಈಗ ತಿಳಿಯುತ್ತದೆ. ಬ್ರಷ್ಷಿನಿಂದ ಉಜ್ಜಿದಾಗ ಲಕ್ಷಗಳಲ್ಲಿದ್ದ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಒಣಗಿದ ರಕ್ತ, ಕೀವಿನಡಿ ಗುಂಪುಗೂಡಿದ ಬೀಜಾಣುಗಳಿಗೆ ಹೊರಗಿನವು ಒಳಗಿನವಕ್ಕೆ ರಕ್ಷಣೆಯಾಗುತ್ತವೆ, ಹಬೆ ಒಳಗೆ ಮುಟ್ಟುವುದಿಲ್ಲ. ತೊಳೆಯದ ಸಾಮಾನನ್ನು ಎಷ್ಟು ಹೊತ್ತು ಬೇಯಿಸಿದರೂ ನಂಬುವಂತಿಲ್ಲ.

ಒತ್ತಾಗಿದ್ದರೆ ನಡತೆಯೇ ಬೇರೆ

ಕೆಲವು ಬ್ಯಾಸಿಲಸ್ ಜಾತಿಗಳ ಬೀಜಾಣುಗಳು ತೀರ ಒತ್ತಾಗಿದ್ದಾಗ ಒಂದರ ಮೊಳಕೆಯನ್ನು ಇನ್ನೊಂದು ತಡೆಯುತ್ತವೆ. ಅಲನಿನ್ ಎಂಬ ಪೋಷಕಾಂಶ ಅವುಗಳಿಗೆ 'ಏಳು' ಎಂಬ ಸೂಚನೆ. ಬೀಜಾಣುವಿನಲ್ಲಿರುವ ಒಂದು ಕಿಣ್ವ ಆ ಅಲನಿನ್ನನ್ನು ಅದರ ಪ್ರತಿಬಿಂಬದಂಥ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಮೊಳಕೆಯನ್ನು ನಿಲ್ಲಿಸುತ್ತದೆ. ಬೀಜಾಣುಗಳು ಹೆಚ್ಚಿದ್ದಷ್ಟೂ ಈ ತಡೆ ಹೆಚ್ಚು. ಮೊಳೆಯಲಿಲ್ಲ ಎಂದ ಮಾತ್ರಕ್ಕೆ ಸತ್ತಿವೆ ಎಂದು ತಿಳಿಯಬಾರದು.

ಪ್ರಯೋಗಾಲಯದಲ್ಲಿ ಎಣಿಸುವಾಗಲೂ ಈ ಎಚ್ಚರ ಬೇಕು. ಮಾದರಿಯನ್ನು ಮೊದಲು 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ಸಾಧಾರಣ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಾರೆ, ಬೀಜಾಣುಗಳು ಉಳಿಯುತ್ತವೆ. ನಂತರ ಹತ್ತು ಹತ್ತು ಪಟ್ಟು ತೆಳುಮಾಡುತ್ತ ಹೋಗಿ ತಟ್ಟೆಯಲ್ಲಿ ಬೆಳೆಸುತ್ತಾರೆ. ಒಂದು ತಟ್ಟೆಯಲ್ಲಿ 30ರಿಂದ 300 ಚುಕ್ಕೆಗಳಿದ್ದರೆ ಎಣಿಕೆ ನಂಬಿಕೆಗೆ ಅರ್ಹ. ನಾಲ್ಕು ಸಲ ತೆಳುಮಾಡಿದ ದ್ರವದ 1 ಮಿಲಿಲೀಟರಿನಲ್ಲಿ 80 ಚುಕ್ಕೆ ಬಂದರೆ ಮೂಲದಲ್ಲಿ ಪ್ರತಿ ಮಿಲಿಲೀಟರಿಗೆ 8 ಲಕ್ಷ ಇದ್ದವೆಂದು ಲೆಕ್ಕ. ಅಂಟಿಕೊಂಡ 50 ಬೀಜಾಣುಗಳು ಒಂದೇ ಚುಕ್ಕೆಯಾಗಿ ಬೆಳೆಯುವುದರಿಂದ ಎಣಿಕೆ ಕಡಿಮೆ ಬರಬಹುದು. ಅದಕ್ಕಾಗಿ ಮಾದರಿಯನ್ನು ಚೆನ್ನಾಗಿ ಕುಲುಕಿ ಬಿಡಿಸಬೇಕು.

ಆಟೋಕ್ಲೇವಿನ ಪರೀಕ್ಷೆ

ಪೊಟ್ಟಣದ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಬಂದರೆ ಶಾಖ ತಗುಲಿದೆ ಎಂದಷ್ಟೇ ತಿಳಿಯುತ್ತದೆ. ಬೀಜಾಣುಗಳು ಸತ್ತವೇ ಎಂದು ತಿಳಿಯಲು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಗಟ್ಟಿ ಜಾತಿಯ, ಸಾಮಾನ್ಯವಾಗಿ 1 ಲಕ್ಷದಿಂದ 10 ಲಕ್ಷ ಬೀಜಾಣುಗಳಿರುವ ಪಟ್ಟಿಯನ್ನು ಸಾಮಾನುಗಳ ಜೊತೆಗಿಡುತ್ತಾರೆ. ಈ ಜಾತಿ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ಬಳಿಕ ಅದನ್ನು ಬೆಚ್ಚಗಿಟ್ಟು ಬೆಳವಣಿಗೆ ಇದೆಯೇ ನೋಡುತ್ತಾರೆ. ಪಟ್ಟಿಯಲ್ಲಿ ಬೀಜಾಣು ಬಹಳ ಕಡಿಮೆ ಇದ್ದರೆ ಕೆಟ್ಟ ಯಂತ್ರವೂ ಪಾಸಾದೀತು. ಯಂತ್ರದಲ್ಲಿಡದ ಇನ್ನೊಂದು ಪಟ್ಟಿಯನ್ನೂ ಬೆಳೆಸಿ ನೋಡುವುದು, ಬೀಜಾಣುಗಳು ಮೊದಲೇ ಸತ್ತಿರಲಿಲ್ಲ ಎಂದು ಖಚಿತಪಡಿಸಿಕೊಳ್ಳಲು.

ತಾವು ಪಾಲಿಸಬೇಕಾದ್ದು

1. ಗಾಯ: ಮಣ್ಣು ತಗುಲಿದ ಗಾಯವನ್ನು ಕೂಡಲೇ ಶುದ್ಧ ನೀರು, ಸಾಬೂನಿನಿಂದ ಧಾರಾಳವಾಗಿ ತೊಳೆಯಿರಿ. ಅರಿಸಿನ, ಸಗಣಿ, ಬೂದಿ, ಕಾಫಿಪುಡಿ ಹಚ್ಚಬೇಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಡಾಕ್ಟರರನ್ನು ಕೇಳಿ.

2. ಹೊಕ್ಕುಳಬಳ್ಳಿ: ಮಗುವಿನ ಹೊಕ್ಕುಳಿಗೆ ಏನನ್ನೂ ಮೆತ್ತಬೇಡಿ. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಆದರೆ ಮಣ್ಣಿನ ಬೀಜಾಣುಗಳು ಎಲ್ಲಿಗೂ ಹೋಗಿಲ್ಲ.

3. ಜೇನುತುಪ್ಪ: ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಬೇಡಿ. ಬಾಟುಲಿಸಂ ಬೀಜಾಣುಗಳು ಅದರಲ್ಲಿರಬಹುದು. ದೊಡ್ಡವರಿಗೆ ತೊಂದರೆ ಮಾಡದಷ್ಟು ಕಡಿಮೆ ಸಂಖ್ಯೆಯೂ ಎಳೆಗೂಸಿನ ಕರುಳಿನಲ್ಲಿ ಮೊಳೆಯಬಲ್ಲದು.

4. ಅನ್ನ: ಅಕ್ಕಿಯಲ್ಲಿನ ಬ್ಯಾಸಿಲಸ್ ಸೀರಿಯಸ್ ಬೀಜಾಣು ಬೆಂದರೂ ಉಳಿಯುತ್ತದೆ. ಅನ್ನ ಬಹಳ ಹೊತ್ತು ಹೊರಗಿದ್ದರೆ ಮೊಳೆತು ಲಕ್ಷಗಟ್ಟಲೆ ಬೆಳೆದು ವಿಷ ಬಿಡುತ್ತದೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರೋಗಿಗೆ ಮನೆಯಿಂದ ತರುವ ಅನ್ನ ಆಗಲೇ ಮಾಡಿದ್ದಿರಲಿ.

5. ಕೈ: ಆಂಟಿಬಯಾಟಿಕ್ ಔಷಧದ ನಂತರ ಭೇದಿಯಾದ ರೋಗಿಯನ್ನು ಮುಟ್ಟಿದ ಮೇಲೆ ಸಾಬೂನು, ನೀರಿನಿಂದಲೇ ಕೈ ತೊಳೆಯಿರಿ. ಆಲ್ಕೋಹಾಲ್ ದ್ರವ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಸಾಬೂನೂ ಕೊಲ್ಲುವುದಿಲ್ಲ, ಆದರೆ ಅವು ನೀರಿನೊಂದಿಗೆ ಹರಿದುಹೋಗುತ್ತವೆ.

ಡ್ರೆಸಿಂಗ್ ಸಾಮಾನು ಬರುವುದು ತಡವಾದರೆ ದಯವಿಟ್ಟು ಅವಸರಪಡಿಸಬೇಡಿ. ಆ ಕೆಲವು ನಿಮಿಷಗಳು ತಮ್ಮ ರೋಗಿಯ ಗಾಯ ಕೀವಾಗದಿರಲಿ ಎಂದೇ ಕಳೆಯುತ್ತಿರುವುದು. ಏನಾದರೂ ಸಂಶಯವಿದ್ದರೆ ವಾರ್ಡಿನ ಸಿಸ್ಟರ್ ಅವರನ್ನು ಸಂಕೋಚವಿಲ್ಲದೆ ಕೇಳಿ.