ಓದಲು ಒಲ್ಲದವನಿಗೂ ಒಂದು ಪುಸ್ತಕ



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲ ಪ್ರಬಂಧದಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇವೆ. ಆದರೆ ಓದು ಎಂದರೆ ಓಡಿಹೋಗುವವರಿಗೆ ಏನು ಮಾಡಬೇಕು ಅಂತ ಆ ಗಾದೆ ಹೇಳುವುದಿಲ್ಲ. ಈ ಪ್ರಶ್ನೆ ನನಗೆ ನಮ್ಮ ಮನೆಯಲ್ಲೇ ಎದುರಾಯಿತು. ನನ್ನ ತಮ್ಮ ಐದನೇ ತರಗತಿ. ಒಂದು ದಿನ ಎದ್ದು ನಿಂತು ಪಾಠ ಓದುವಾಗ ತಡವರಿಸಿದ. ಎಲ್ಲರೂ ನಕ್ಕರು. ಸಂಜೆ ಮನೆಗೆ ಬಂದವನು, “ನಂಗ ಓದಕ ಬರದಿಲ್ಲ ಕನಾ, ನಾಳಿಂದ ಆಡು ಮೇಯಿಸಕ ಹೋಯ್ತಿನಿ” ಅಂದ. ಅಪ್ಪ ಸುಮ್ಮನಿದ್ದರು. ಬೈದಿದ್ದರೆ ವಾಸಿ ಇತ್ತು. ಸುಮ್ಮನಿದ್ದದ್ದು ನೋಡಿ ನನಗೆ ಭಯವಾಯಿತು.

ನಾನು ಅವನಿಗೆ ಒಂದು ನೀತಿಕಥೆ ಪುಸ್ತಕ ಕೊಟ್ಟು, ಓದು ಅಂತ ಗದರಿಸಿದೆ. ಅದನ್ನು ಅವನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟ. ಆಮೇಲೆ ನಮ್ಮ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ನಾನು ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ನಮ್ಮ ಸೀಮೆಯ ಮಕ್ಕಳಿಗೆ ಕಥೆ ಬೇಡ ಅಂತ ಯಾರೂ ಹೇಳಬಾರದು. ಕಂಸಾಳೆಯವರು ಮಲೆ ಮಾದಪ್ಪನ ಕಥೆ ಹಾಡುವಾಗ, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆ ಹೇಳುವಾಗ ನಾವು ಬೆಳಗಾನ ಕೂತು ಕೇಳುತ್ತೇವೆ. ನನ್ನ ತಮ್ಮನೂ ಕೂರುತ್ತಾನೆ, ತೂಕಡಿಸುವುದೂ ಇಲ್ಲ. ಹಾಗಾದರೆ ಕಥೆಯ ಹಸಿವು ಇದೆ. ಕಷ್ಟ ಇರುವುದು ಅಕ್ಷರದಲ್ಲಿ.

ಅದು ಹೇಗೆಂದರೆ, ಒಂದೊಂದೇ ಅಕ್ಷರ ಕೂಡಿಸಿ ಓದುವವನ ಗಮನವೆಲ್ಲ ಒತ್ತಕ್ಷರದ ಮೇಲೇ ಖರ್ಚಾಗುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅಂತ ಮರೆತುಹೋಗುತ್ತದೆ. ಅರ್ಥ ಆಗದಿದ್ದರೆ ರುಚಿ ಎಲ್ಲಿಂದ ಬರಬೇಕು? ರುಚಿ ಇಲ್ಲ ಅಂತ ಓದುವುದಿಲ್ಲ, ಓದದೇ ಇದ್ದರೆ ಓದು ಇನ್ನೂ ಕಷ್ಟ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತುವುದು. ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ‘ಹೋಯ್ತಿನಿ’ ಅನ್ನುತ್ತೇವೆ, ಪುಸ್ತಕದಲ್ಲಿ ‘ಹೋಗುತ್ತೇನೆ’ ಅಂತ ಇರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳ ಮನೆಮಾತು ಬೇರೆ. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಕಡೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ತಮಿಳು ಮಾತಾಡುತ್ತಾರೆ. ಇಂಥ ಮಕ್ಕಳಿಗೆ ಪುಸ್ತಕದ ಕನ್ನಡ ಇನ್ನೊಂದು ಮೆಟ್ಟಿಲು ಎತ್ತರ. ಅವರು ದಡ್ಡರಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಹೇಳಿದರು. ಒಬ್ಬೊಬ್ಬ ಓದುಗನಿಗೂ ಅವನದೇ ಒಂದು ಪುಸ್ತಕ ಇರುತ್ತದೆ, ಒಂದೊಂದು ಪುಸ್ತಕಕ್ಕೂ ಅದರದೇ ಓದುಗ ಇರುತ್ತಾನೆ ಅನ್ನುವುದು ಅವುಗಳಲ್ಲಿ ಎರಡು. ಅಂದರೆ ಓದದ ಹುಡುಗ ಸೋಮಾರಿ ಅಂತಲ್ಲ, ಅವನ ಪುಸ್ತಕ ಅವನಿಗೆ ಇನ್ನೂ ಸಿಕ್ಕಿಲ್ಲ ಅಂತ. ಅದನ್ನು ಹುಡುಕುವುದು ಹೇಗೆ?

1. ಏನು ಇಷ್ಟ ಅಂತ ಮೊದಲು ಕೇಳಿ. ತಮ್ಮನಿಗೆ ಹುಲಿ, ಆನೆ ಅಂದರೆ ಪ್ರಾಣ. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಅಂತ ಕನ್ನಡಕ್ಕೆ ತಂದಿದ್ದಾರೆ. ಅದನ್ನು ತಂದೆ. ಶಾಲೆ ಅಂದರೆ ಬೇಸರ ಇರುವವರಿಗೆ ಜಪಾನಿನ ‘ತೊತ್ತೋ-ಚಾನ್’ ಒಳ್ಳೆಯದು. ಮೊದಲನೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ರೈಲುಡಬ್ಬಿಯ ಶಾಲೆ ಸೇರುವ ನಿಜವಾದ ಕಥೆ ಅದು. ಹಾಡು ಇಷ್ಟಪಡುವವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು.

2. ಐದು ಬೆರಳಿನ ಲೆಕ್ಕ. ಒಂದು ಪುಟ ಓದಿಸಿ, ಗೊತ್ತಾಗದ ಪದಕ್ಕೆ ಒಂದೊಂದು ಬೆರಳು ಮಡಚಿ. ಐದೂ ಮಡಚಿದರೆ ಆ ಪುಸ್ತಕ ಆಮೇಲಕ್ಕೆ ಇರಲಿ. ಈ ಲೆಕ್ಕ ನಾನು ಮೊದಲು ಮಾಡಲಿಲ್ಲ. ಹುಲಿ ಕಥೆಯಲ್ಲಿ ಅರ್ಧ ಪುಟಕ್ಕೇ ತಮ್ಮನ ಕೈ ಮುಷ್ಟಿ ಆಯಿತು!

3. ನೀವು ಓದಿ ಹೇಳಿ. ಹುಲಿ ಕಥೆಯನ್ನು ನಾನೇ ದಿನಕ್ಕೆ ಎರಡೆರಡು ಪುಟ ಓದಿದೆ. ಅವನು ಪಕ್ಕದಲ್ಲಿ ಕೂತು ಸಾಲಿನ ಮೇಲೆ ಬೆರಳು ಇಟ್ಟ. ಕಿವಿಯಿಂದ ಒಳಗೆ ಹೋದ ಪದ ಕಣ್ಣಿಗೆ ಬಿದ್ದಾಗ ಗುರುತು ಸಿಗುತ್ತದೆ. ನಮ್ಮ ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಅವಳು ‘ಹದಿಬದೆಯ ಧರ್ಮ’ ಬರೆದದ್ದೂ ಹಾಡಲು ಬರುವ ಸಾಂಗತ್ಯದಲ್ಲೇ.

4. ಹಿಡಿಸದಿದ್ದರೆ ಬಿಡಲಿ. ಊಟದಲ್ಲಿ ಒಲ್ಲದ ಪಲ್ಯ ಪಕ್ಕಕ್ಕಿಡುತ್ತೇವಲ್ಲ, ಹಾಗೆ. ಮುಗಿಸಲೇಬೇಕು ಅಂದರೆ ಮುಂದಿನ ಪುಸ್ತಕದ ಮೇಲೂ ಸಿಟ್ಟು ಬರುತ್ತದೆ.

5. ಒಗಟು, ಜೋಕು, ಚಿತ್ರಕಥೆ, ಪೇಪರಿನ ಕ್ರಿಕೆಟ್ ಸುದ್ದಿ, ಹಳೇ ಚಂದಮಾಮ, ಎಲ್ಲವೂ ಓದೇ. ಕೇವಲ ಅನ್ನಬೇಡಿ.

6. ಓದಿದ ಮೇಲೆ ಪ್ರಶ್ನೆ, ನೀತಿ ಕೇಳಬೇಡಿ. ಪರೀಕ್ಷೆ ಅಂತ ಗೊತ್ತಾದರೆ ಪುಸ್ತಕ ಮತ್ತೆ ಅಕ್ಕಿ ಡಬ್ಬದ ಹಿಂದೆ ಹೋಗುತ್ತದೆ.

ಪುಸ್ತಕ ಎಲ್ಲಿ ಸಿಗುತ್ತದೆ ಅಂದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ‘ಅರಿವು ಕೇಂದ್ರ’ ಎಂಬ ಬೋರ್ಡು ನೋಡಿರುತ್ತೀರಿ. 2020ರಲ್ಲಿ ಸರ್ಕಾರ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರು ಮಾಡಿ, ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿತು. ಹೋಗಿ ಕೇಳಿ, ನಾಚಿಕೆ ಬೇಡ.

ನನ್ನ ತಮ್ಮ ಈಗ ದೊಡ್ಡ ಓದುಗ ಆಗಿದ್ದಾನೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಇನ್ನೂ ತಡವರಿಸುತ್ತಾನೆ. ಆದರೆ ದಪ್ಪ ಅಕ್ಷರದ, ಹದಿನಾರು ಪುಟದ ಒಂದು ಆನೆ ಕಥೆಯನ್ನು ಮೂರು ದಿನ ತೆಗೆದುಕೊಂಡು ಒಬ್ಬನೇ ಓದಿದ. ಅದನ್ನು ಅಜ್ಜಿಗೆ ಹೇಳುವಾಗ ಮಧ್ಯದಲ್ಲಿ ಮರೆತುಹೋಯಿತು. “ಆಮ್ಯಾಕ ಏನಾಯ್ತು ಮಗ?” ಅಂತ ಅಜ್ಜಿ ಕೇಳಿತು. ಅವನು ಎದ್ದು ಹೋಗಿ ಪುಸ್ತಕ ತಂದು, ಪುಟ ಹುಡುಕಿ, ಓದಿ ಹೇಳಿದ. ಯಾರೂ ನಗಲಿಲ್ಲ. ರಾತ್ರಿ ಮಲಗುವಾಗ ನನ್ನ ಹತ್ತಿರ, “ಇಂಥದ್ದೇ ಇನ್ನೊಂದು ಅದಾ?” ಅಂದ. ಆಡಿನ ಮಾತು ಸದ್ಯಕ್ಕೆ ಎತ್ತುತ್ತಿಲ್ಲ.

ಕೊನೆಯದಾಗಿ ಎರಡು ವಿನಂತಿ. ಗುರುಗಳೇ, ಬೀರುವಿನಲ್ಲಿರುವ ಕಥೆ ಪುಸ್ತಕಗಳನ್ನು ಶನಿವಾರ ಮನೆಗೆ ಕೊಡಿ. ಒಂದೆರಡು ಹರಿಯಬಹುದು, ನಾವೇ ಅಂಟಿಸಿ ಕೊಡುತ್ತೇವೆ. ಗೆಳೆಯರೇ, ಯಾರಾದರೂ ತಡವರಿಸಿ ಓದುವಾಗ ನಗಬೇಡಿ. ಈ ಲೇಖನದ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನಿಮಗೆ ಹಿಡಿಸಿದ ಒಂದು ಪುಸ್ತಕದ ಹೆಸರು ಬರೆಯಿರಿ. ಅದು ಯಾರ ಪುಸ್ತಕವೋ ಯಾರಿಗೆ ಗೊತ್ತು!

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ