ಪಾದರಸವೂ ನಮ್ಮ ಎಚ್ಚರಿಕೆಯೂ

ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವು ಕೈತಪ್ಪಿ ಒಡೆದರೆ, ನೆಲದ ಮೇಲೆ ಬೆಳ್ಳಿಯ ಮಣಿಗಳಂತೆ ಹೊಳೆದೋಡುವ ಪಾದರಸವನ್ನು ಮುಟ್ಟಲು ಮಕ್ಕಳು ಹಾತೊರೆಯುವುದು ಸಹಜ. ಆ ಹೊಳಪಿನ ಹಿಂದಿರುವ ಕೇಡನ್ನು ನಾವು ಅರಿತಿರಬೇಕು.

ಪಾದರಸವು ಸಾಮಾನ್ಯ ಉಷ್ಣತೆಯಲ್ಲಿ ದ್ರವರೂಪದಲ್ಲಿರುವ ಲೋಹ. ನೀರಿಗಿಂತ ಸುಮಾರು 13.6 ಪಟ್ಟು ಭಾರ. ಅದು ಮೆಲ್ಲಮೆಲ್ಲನೆ ಆವಿಯಾಗುತ್ತಲೇ ಇರುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಆದುದರಿಂದ ಉಸಿರಿನೊಡನೆ ಒಳಸೇರಿದರೂ ನಮಗೆ ತಿಳಿಯದು. ಬಹುಕಾಲ ಒಳಸೇರುತ್ತಿದ್ದರೆ ನರಮಂಡಲಕ್ಕೂ ಮೂತ್ರಪಿಂಡಗಳಿಗೂ ಹಾನಿಯಾಗುತ್ತದೆ.

ಚೆಲ್ಲಿದಾಗ ಮಾಡಬೇಕಾದುದೇನು? ಮಕ್ಕಳು ಒಡನೆಯೇ ಅಧ್ಯಾಪಕರಿಗೆ ತಿಳಿಸಿ, ಮೆಟ್ಟದೆ ಹೊರಗೆ ಹೋಗಬೇಕು. ಅಧ್ಯಾಪಕರು ಕಿಟಕಿಗಳನ್ನು ತೆರೆದು, ಪಾದರಸದೊಡನೆ ಬೆರೆಯುವ ಚಿನ್ನದ ಆಭರಣಗಳನ್ನು ತೆಗೆದಿಟ್ಟು, ಕೈಗವಸು ಧರಿಸಿ, ಹನಿಗಳನ್ನು ದಪ್ಪ ಕಾಗದದಿಂದ ಒಂದೆಡೆ ಕೂಡಿಸಬೇಕು. ಹನಿಗೊಳವೆಯಿಂದ ಹೀರಿ, ಬಿಗಿಮುಚ್ಚಳದ ಸೀಸೆಯಲ್ಲಿ ನೀರಿನಡಿ ಇಡಬೇಕು. ಬಿರುಕುಗಳಲ್ಲಿ ಉಳಿದುದಕ್ಕೆ ಗಂಧಕದ ಪುಡಿಯನ್ನು ಉದುರಿಸಿ, ಅದನ್ನೂ ಕೂಡಿಟ್ಟುಕೊಳ್ಳಬೇಕು. ಪೊರಕೆಯನ್ನು ಬಳಸಬಾರದು, ಗುಡಿಸಿದರೆ ಹನಿಗಳು ಒಡೆದು ಹರಡಿ, ಆವಿ ಹೆಚ್ಚುವುದು.

ಅದನ್ನು ಬಚ್ಚಲಿಗೆ ಸುರಿಯಲೂ ಬಾರದು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಗುರುತಿಸಲಾದ ಘೋರ ರೋಗಕ್ಕೆ, ಕಾರ್ಖಾನೆಯಿಂದ ಸಮುದ್ರ ಸೇರಿದ ಪಾದರಸದ ಸಂಯುಕ್ತವೇ ಕಾರಣವಾಗಿದ್ದಿತು. ಅದು ಮೀನಿನ ಮೂಲಕ ಜನರ ಒಡಲನ್ನು ಸೇರಿತು. ಹೆಸರುಪಟ್ಟಿ ಅಂಟಿಸಿದ ಸೀಸೆಯನ್ನು, ಅಪಾಯಕಾರಿ ತ್ಯಾಜ್ಯದ ವಿಲೇವಾರಿಗೆ ಸರಕಾರದ ಅನುಮತಿ ಪಡೆದವರಿಗೇ ಒಪ್ಪಿಸತಕ್ಕದ್ದು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಮನೆಯಲ್ಲಿ ಪಾದರಸದ ಜ್ವರಮಾಪಕವು ಒಡೆದಾಗಲೂ ಇದೇ ಎಚ್ಚರಿಕೆ ಬೇಕು. ಒಡೆದ ಮಗುವನ್ನು ಗದರಿಸಬೇಡಿ. ಗದರಿಕೆಗೆ ಅಂಜಿದ ಮಗು ಪಾದರಸವನ್ನು ಬಚ್ಚಿಡುವುದು, ಆವಿ ಮಾತ್ರ ಮನೆಯನ್ನೆಲ್ಲ ತುಂಬುವುದು.